ಸ್ವತಂತ್ರ ತಂತ್ರಾಂಶವೂ ಆಟದ ಮಣೆಯೂ

ಗಣಕಯಂತ್ರದ ವಿಷಯದಲ್ಲಿ ಈಚೆಗೆ ನಡೆಯುತ್ತಿರುವ ವಾದಗಳಲ್ಲೊಂದು, ಮೇಲುನೋಟಕ್ಕೆ ಹುಡುಗಾಟವಾಗಿ ಕಂಡರೂ, ವಿಚಾರಮಾಡುತ್ತ ಹೋದಂತೆ ಶಾಸ್ತ್ರಜ್ಞರ ಗಮನಕ್ಕೂ ಅರ್ಹವಾದುದೆಂದು ತೋರುವುದು. ಯಂತ್ರದ ಅಂಗಾಂಗಗಳಿಗೂ ಅದರ ಮೇಲೆ ನಾವು ನಡೆಸುವ ಬರವಣಿಗೆ, ಲೆಕ್ಕ, ಆಟ ಮೊದಲಾದ ವ್ಯಾಪಾರಗಳಿಗೂ ನಡುವೆ ನಿಂತು ಎರಡನ್ನೂ ಹೊಂದಿಸುವ ಆಜ್ಞೆಗಳ ಸಮುದಾಯಕ್ಕೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ಇಂತಹ ವ್ಯವಸ್ಥೆಗಳಲ್ಲಿ ಗ್ನೂ-ಲಿನಕ್ಸ್ ಎಂಬುದು ಒಂದು. ಅದರ ಅಂತರಂಗವು ಎಲ್ಲರಿಗೂ ತೆರೆದಿರುವುದು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಹೀಗೆ ತೆರೆದಿರುವ ವ್ಯವಸ್ಥೆಯ ಮೇಲೆ, ಅಂತರಂಗವನ್ನು ಮುಚ್ಚಿಟ್ಟ ಆಟಗಳನ್ನು ತಂದು ಆಡಿದರೆ, ಆಡುವವನ ಸ್ವಾತಂತ್ರ್ಯವು ಉಳಿಯುವುದೇ ಅಳಿಯುವುದೇ ಎಂಬುದು ಆ ವಾದದ ವಿಷಯ.

ಸಾಹಿತ್ಯ ಶಾಸನಗಳ ಪರಿಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಇದಕ್ಕೆ ಎಡೆಯೆಲ್ಲಿ ಎಂದು ಕೆಲವರು ಶಂಕಿಸಬಹುದು. ಸಮಾಧಾನವನ್ನು ದೂರ ಹುಡುಕಬೇಕಾಗಿಲ್ಲ. ಶ್ರವಣಬೆಳಗೊಳಕ್ಕೆ ಉತ್ತರದಲ್ಲಿ, ಚಂದ್ರಗಿರಿಯ ಹಿಂದೆ ಇರುವ ಜಿನನಾಥಪುರದಲ್ಲಿ, ಶಾಂತಿನಾಥ ಬಸದಿಯ ಸುತ್ತಿನ ಯಾವ ಜಗಲಿಯ ಮೇಲಾದರೂ ಸಂಜೆ ಹುಡುಗರು ಕೈಯಲ್ಲಿ ಮೊಬೈಲು ಹಿಡಿದು ಆಟದಲ್ಲಿ ಮಗ್ನರಾಗಿರುವುದನ್ನು ಕಾಣಬಹುದು. ಆ ಮೊಬೈಲು ಆಂಡ್ರಾಯ್ಡ್ ಎಂಬ ಬಗೆಯದಾದರೆ ಅದರ ತಿರುಳು ಲಿನಕ್ಸೇ. 2008ರಲ್ಲಿ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆಯ ತಳಹದಿಯು ತೆರೆದದ್ದು. ಆದರೆ ಅದರ ಮೇಲೆ ಹುಡುಗನು ಆಡುವ ಆಟಗಳಲ್ಲಿ ಬಹುಪಾಲು ಮುಚ್ಚಿದವು. ಸ್ವಾತಂತ್ರ್ಯದ ಪೀಠದ ಮೇಲೆ ಪಾರತಂತ್ರ್ಯದ ಪ್ರತಿಮೆ ಕುಳಿತಿದೆ. ಆದಕಾರಣ ಇದು ದೂರದೇಶದ ತಾಂತ್ರಿಕರ ಜಗಳವಲ್ಲ, ನಮ್ಮ ಚನ್ನರಾಯಪಟ್ಟಣದ ಸೀಮೆಯ ಜಗಲಿಯ ವಿಷಯವೇ ಆಗಿದೆ.

ಮೊದಲು ಶಬ್ದವಿಚಾರ. ಸಾಫ್ಟ್‌ವೇರ್ ಎಂಬುದಕ್ಕೆ ಕನ್ನಡದಲ್ಲಿ ‘ತಂತ್ರಾಂಶ’ ಎಂಬ ಪದವು ರೂಢಿಗೆ ಬಂದಿದೆ. ‘ತನ್’ ಎಂದರೆ ಹರಡು, ಹಾಸು ಎಂದು ಅರ್ಥ. ಅದರಿಂದ ಹುಟ್ಟಿದ ‘ತಂತ್ರ’ವು ಮೊದಲು ಮಗ್ಗದ ಹಾಸಿಗೂ, ಬಳಿಕ ಒಂದು ಕ್ರಮದಲ್ಲಿ ಹಾಸಿಟ್ಟ ಯಾವ ವಿಧಿಗೂ, ಶಾಸ್ತ್ರಕ್ಕೂ ಹೆಸರಾಯಿತು. ತನ್ನ ಹಾಸು ತನ್ನದೇ ಆಗಿರುವವನು ಸ್ವತಂತ್ರ. ಪರರ ಹಾಸಿಗೆ ಹೊಕ್ಕಾಗಿ ನಡೆಯುವವನು ಪರತಂತ್ರ. ಆಂಗ್ಲ ಭಾಷೆಯಲ್ಲಿ ‘ಫ್ರೀ’ ಎಂಬ ಒಂದೇ ಮಾತು ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡನ್ನೂ ಹೇಳುವುದರಿಂದ ಆ ನಾಡುಗಳಲ್ಲಿ ಬಹಳ ಗೊಂದಲವಾಗಿದೆ. ನಮ್ಮಲ್ಲಿ ಪುಕ್ಕಟೆಯೇ ಬೇರೆ, ಸ್ವತಂತ್ರವೇ ಬೇರೆ. ಹಣವಿಲ್ಲದೆ ದೊರೆಯುವ ಮೊಬೈಲಿನ ಆಟ ಪುಕ್ಕಟೆಯಾಗಿದ್ದೂ ಪರತಂತ್ರವಾಗಿರಬಹುದು. ಹಣಕ್ಕೆ ಮಾರಿದ ಆಟ ಸ್ವತಂತ್ರವೂ ಆಗಿರಬಹುದು. 1998ರಲ್ಲಿ ಕೆಲವರು ‘ಓಪನ್ ಸೋರ್ಸ್’ ಎಂಬ ಇನ್ನೊಂದು ಹೆಸರನ್ನು ಹೊರಡಿಸಿದರು. ಅದನ್ನು ನಾವು ‘ಮುಕ್ತ ಆಕರ’ ಎನ್ನುತ್ತೇವೆ. ತೆರೆದಿಟ್ಟರೆ ಕೆಲಸ ಚೆನ್ನಾಗಿ ನಡೆಯುವುದೆಂಬುದು ಇವರ ಮುಖ್ಯವಾದ ವಾದ. ತೆರೆದಿಡುವುದು ಬಳಸುವವನ ಹಕ್ಕೆಂಬುದು ಮೊದಲಿನವರದು. ಫಲವು ಬಹುಮಟ್ಟಿಗೆ ಒಂದೇ ಆದರೂ ಪ್ರಮಾಣವು ಬೇರೆಯಾದುದರಿಂದ, ಆಟದಂತಹ ಕಠಿಣ ಉದಾಹರಣೆ ಬಂದಾಗ ಎರಡೂ ಪಕ್ಷಗಳು ಬೇರೆ ಬೇರೆ ದಾರಿ ಹಿಡಿಯುವುವು.

ಪಾಣಿನಿಯು ಕಾರಕ ಪ್ರಕರಣದಲ್ಲಿ ಕರ್ತೃವಿಗೆ ಕೊಟ್ಟಿರುವ ಲಕ್ಷಣ ಇದೇ ಸ್ವಾತಂತ್ರ್ಯ. ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃ. ಅವನನ್ನು ಹಿಂದೆ ನಿಂತು ಪ್ರೇರಿಸುವವನೊಬ್ಬನಿದ್ದರೆ ಅವನಿಗೆ ಹೇತುವೆಂದು ಹೆಸರು. ಕ್ರಿಯೆಗೆ ಅತ್ಯಂತ ಸಾಧಕವಾದುದು ಕರಣ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುವುದು. ಹುಡುಗನು ಆಟವನ್ನು ಆಡುತ್ತಾನೆ ಎಂಬ ವಾಕ್ಯದಲ್ಲಿ ಹುಡುಗನು ಕರ್ತೃ, ಯಂತ್ರವು ಕರಣ. ಆದರೆ ಆಟದ ಒಡೆಯನಾದ ಕಂಪೆನಿಯು ಎಲ್ಲೋ ಕುಳಿತು ಹುಡುಗನು ಯಾವಾಗ ಆಡಬೇಕು, ಯಾವ ಯಂತ್ರದಲ್ಲಿ ಆಡಬೇಕು, ಎಷ್ಟು ದಿನ ಆಡಬಹುದು ಎಂಬುದನ್ನು ನಿರ್ಣಯಿಸುವುದಾದರೆ, ವ್ಯಾಕರಣದಲ್ಲಿ ಕರ್ತೃವಾಗಿ ತೋರಿದವನು ವ್ಯವಹಾರದಲ್ಲಿ ಕರಣವಾಗಿಬಿಟ್ಟನೆಂದೇ ಹೇಳಬೇಕು.

ತೆರೆದಿರುವುದು, ಮುಚ್ಚಿರುವುದು ಎಂದರೇನು? ತಂತ್ರಾಂಶವನ್ನು ರಚಿಸುವವನು ಮನುಷ್ಯರು ಓದಬಲ್ಲ ಒಂದು ಕೃತಕ ಭಾಷೆಯಲ್ಲಿ ಬರೆಯುತ್ತಾನೆ; ಇದು ಆಕರ. ಇದನ್ನು ಯಂತ್ರವು ನಡೆಸಬಲ್ಲ ಅಂಕೆಗಳ ಸರಣಿಯಾಗಿ ಮಾರ್ಪಡಿಸಿದರೆ ಬರುವುದು ನಡೆಯುವ ರೂಪ. ಎರಡನೆಯದನ್ನು ಮಾತ್ರ ಕೊಟ್ಟು ಮೊದಲನೆಯದನ್ನು ಬಚ್ಚಿಟ್ಟರೆ, ಬಳಸಬಹುದೇ ಹೊರತು ಅರಿಯುವಂತಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು 816ರಲ್ಲಿ ಮುಗಿಸಿದ ಧವಲಾ ಟೀಕೆಯ ಓಲೆಯ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಮೂಡುಬಿದಿರೆಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದುವು. ಅವು ಮೊದಲು ಶ್ರವಣಬೆಳಗೊಳದಲ್ಲಿದ್ದು ಅಲ್ಲಿಂದ ಹೋದುವೆಂದು ಐತಿಹ್ಯ. ಯಾತ್ರಿಕರಿಗೆ ಆ ಗ್ರಂಥಗಳ ದರ್ಶನವಿತ್ತು, ಪೂಜೆಯಿತ್ತು. ಪಠನವಿರಲಿಲ್ಲ, ಪ್ರತಿಮಾಡುವ ಅನುಮತಿಯಿರಲಿಲ್ಲ. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಪ್ರತಿಮಾಡುವ ಕೆಲಸಕ್ಕೆ ತೊಡಗಿದರು; ಗುಟ್ಟಾಗಿ ಮಾಡಿದ ಒಂದು ಕನ್ನಡ ಪ್ರತಿಯು ಹೊರಗೆ ಹೋದುದರಿಂದಲೇ ಬೇರೆ ಪ್ರತಿಗಳು ಹುಟ್ಟಿ, 1939ರಲ್ಲಿ ಹೀರಾಲಾಲ ಜೈನರು ಮೊದಲ ಸಂಪುಟವನ್ನು ಅಚ್ಚುಹಾಕಿಸಲು ಸಾಧ್ಯವಾಯಿತು. ಕಾಪಾಡಿದವರ ಭಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಅವರು ಕಾಯ್ದಿರದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಆದರೆ ದರ್ಶನಕ್ಕೆ ಮಾತ್ರ ದೊರೆಯುವ ಗ್ರಂಥವು ಶಾಸ್ತ್ರದ ಕೆಲಸವನ್ನು ಮಾಡಲಾರದು. ಮುಚ್ಚಿದ ತಂತ್ರಾಂಶವು ಇಂದು ನಮಗೆ ಕೊಡುತ್ತಿರುವುದು ಇಂತಹ ದರ್ಶನಮಾತ್ರವನ್ನೇ. ವ್ಯತ್ಯಾಸವಿಷ್ಟು: ಅಲ್ಲಿ ಬಾಗಿಲು ಮುಚ್ಚಿದುದು ಭಯಭಕ್ತಿಗಳಿಂದ, ಇಲ್ಲಿ ಲಾಭದ ದೃಷ್ಟಿಯಿಂದ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬ ವಿದ್ವಾಂಸರು ಗ್ನೂ ಎಂಬ ಯೋಜನೆಯನ್ನು ಸಾರಿ, ಪೂರ್ಣವಾಗಿ ಸ್ವತಂತ್ರವಾದ ವ್ಯವಸ್ಥೆಯೊಂದನ್ನು ಕಟ್ಟಲು ಹೊರಟರು. 1991ರಲ್ಲಿ ಫಿನ್‌ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಲಿನಕ್ಸ್ ತಿರುಳನ್ನು ಹೊರತಂದುದರಿಂದ ಆ ಕಟ್ಟಡಕ್ಕೆ ಉಳಿದಿದ್ದ ಮುಖ್ಯಭಾಗವು ಸೇರಿತು. ಸ್ಟಾಲ್‌ಮನ್ನರು ಸ್ವಾತಂತ್ರ್ಯವನ್ನು ನಾಲ್ಕಾಗಿ ವಿಭಾಗಿಸಿರುವರು: ಯಾವ ಉದ್ದೇಶಕ್ಕಾದರೂ ನಡೆಸುವುದು, ಒಳಗನ್ನು ಓದಿ ತನಗೆ ಬೇಕಾದಂತೆ ತಿದ್ದಿಕೊಳ್ಳುವುದು, ಪ್ರತಿಗಳನ್ನು ಹಂಚುವುದು, ತಿದ್ದಿದುದನ್ನೂ ಹಂಚುವುದು. ಈ ನಾಲ್ಕನ್ನು ಕಾಯುವುದಕ್ಕಾಗಿ 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಯೆಂಬ ಒಂದು ಪತ್ರವನ್ನು ಬರೆದರು. 1992ರಲ್ಲಿ ಲಿನಕ್ಸೂ ಅದರ ಅಡಿಗೆ ಬಂದಿತು. ಪಡೆದವನು ಪಡೆದ ಹಕ್ಕುಗಳೊಡನೆಯೇ ಮುಂದಿನವನಿಗೆ ಕೊಡತಕ್ಕದ್ದು, ನಡುವೆ ಯಾರೂ ಬೇಲಿ ಹಾಕತಕ್ಕದ್ದಲ್ಲ ಎಂಬುದೇ ಆ ಪತ್ರದ ಜೀವಾಳ.

ಶಾಸನಗಳನ್ನು ಓದಿದ ಕನ್ನಡಿಗನಿಗೆ ಇದು ಹೊಸದಾಗಿ ತೋರಲಾರದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1117ರ ಸುಮಾರಿನಲ್ಲಿ ಜಿನನಾಥಪುರವನ್ನು ನೆಲೆಗೊಳಿಸಿದನು. ಅಲ್ಲಿನ ಶಾಂತಿನಾಥ ಬಸದಿಯನ್ನು 1200ರ ಸುಮಾರಿನಲ್ಲಿ ಕಟ್ಟಿಸಿದವನು ರೇಚಿಮಯ್ಯ ದಂಡನಾಯಕ. ಪೀಠದ ಶಾಸನವು ಅವನನ್ನು ‘ವಸುಧೈಕಬಾಂಧವ’ನೆಂದು ಕರೆದು, ಅವನು ಶಾಂತಿನಾಥನನ್ನು ಪ್ರತಿಷ್ಠೆಮಾಡಿ ಸಾಗರನಂದಿ ಸಿದ್ಧಾಂತದೇವರ ವಶಕ್ಕೆ ಕೊಟ್ಟುದನ್ನು ಹೇಳುವುದು. ಕೊಟ್ಟವನು ಕೊಟ್ಟುದರ ಮೇಲೆ ಒಡೆತನವನ್ನು ಉಳಿಸಿಕೊಳ್ಳಲಿಲ್ಲ. ಆದರೆ ಕೊಟ್ಟುದು ಯಾವ ಧರ್ಮಕ್ಕೆ ಸಲ್ಲಬೇಕೆಂಬುದು ಕಲ್ಲಿನಲ್ಲಿ ನಿಂತಿತು. ನಮ್ಮ ನಾಡಿನ ಸಾಮಾನ್ಯ ದಾನಶಾಸನಗಳ ಕೊನೆಯಲ್ಲಿ, ದಾನಕ್ಕಿಂತ ದಾನದ ಪಾಲನವೇ ಹೆಚ್ಚಿನದೆಂದೂ, ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ಕಿತ್ತುಕೊಂಡವನಿಗೆ ದುರ್ಗತಿಯೆಂದೂ ಹೇಳುವ ವಾಕ್ಯಗಳು ಬರುವುದನ್ನು ವಾಚಕರು ಬಲ್ಲರು. ಗ್ನೂ ಪರವಾನಗಿಯು ಈ ಶಾಪಾಶಯದ ಭಾಗವನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆದಂತಿದೆ. ಬರಿಯ ದಾನವಾದರೆ ಮುಂದಿನ ಬಲಿಷ್ಠನು ಅದನ್ನು ತನ್ನದಾಗಿ ಮಾಡಿಕೊಂಡಾನು. ಪಾಲನದ ವಿಧಿಯೊಡನೆ ಕೊಟ್ಟರೆ ಮಾತ್ರ ಅದು ಆಚಂದ್ರಾರ್ಕವಾದೀತು.

ಇರಲಿ, ಈಗ ಆಟಕ್ಕೆ ಬರೋಣ.

ನಮ್ಮಲ್ಲಿ ಆಟವು ಶಾಸ್ತ್ರಕ್ಕೆ ಹೊರಗಾದುದೆಂದು ಯಾರೂ ಎಣಿಸಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನ ತನ್ನ ಮಾನಸೋಲ್ಲಾಸದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳನ್ನು ರಾಜವಿನೋದಗಳೆಂದು ವಿವರಿಸಿ, ಕುದುರೆಯನ್ನು ಅರುವತ್ತುನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ನಡೆಯಿಸುವ ಉಪಾಯವನ್ನು ಅಕ್ಷರಸಂಕೇತಗಳಿಂದ ಕೊಟ್ಟಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಕುದುರೆಯ ನಡೆಯ ಕ್ರಮದಲ್ಲಿ 1ರಿಂದ 64ರವರೆಗೆ ಅಂಕೆಗಳನ್ನು ಬರೆದರೆ ಪಂಕ್ತಿಗಳ ಮೊತ್ತವು 260 ಬರುವಂತಹ ಬಂಧಗಳನ್ನೂ ಅವರು ರಚಿಸಿರುವರು. ಅರಸರು ತಾವು ಕಂಡುಹಿಡಿದ ಆಟಗಳ ಮಣೆಗಳನ್ನೂ ನಿಯಮಗಳನ್ನೂ ಬರೆಯಿಸಿಟ್ಟರೇ ಹೊರತು ಭಂಡಾರದಲ್ಲಿ ಬೀಗ ಹಾಕಲಿಲ್ಲ. ಇನ್ನು ಅಳಗುಳಿಮಣೆ, ಹುಲಿ-ಕುರಿ, ಚೌಕಾಬಾರಗಳಿಗಂತೂ ಒಡೆಯನೇ ಇಲ್ಲ. ನಮ್ಮ ದೇವಾಲಯಗಳ ಜಗಲಿಯ ಕಲ್ಲುಗಳ ಮೇಲೆ ಯಾರೋ ಕೊರೆದ ಹುಲಿ-ಕುರಿಯ ಮಣೆಗಳು ಎಷ್ಟೋ ಕಡೆ ಇಂದಿಗೂ ಕಾಣುವುವು. ಊರಿಂದ ಊರಿಗೆ ಕುರಿಗಳ ಸಂಖ್ಯೆ ಬದಲಾಗುವುದು, ಹುಲಿ ಹಾರುವ ನಿಯಮ ಬದಲಾಗುವುದು; ಬದಲಾಯಿಸಿದವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಲೆ ಹೇಳಿದ ನಾಲ್ಕು ಸ್ವಾತಂತ್ರ್ಯಗಳೂ ಹೆಸರಿಲ್ಲದೆಯೇ ಅಲ್ಲಿ ನೆಲೆಸಿದ್ದುವು.

ಮುಚ್ಚಿದ ಆಟದ ಕಥೆಯನ್ನೂ ನಾವು ಬಲ್ಲೆವು. ಸಭಾಪರ್ವದ ದ್ಯೂತದಲ್ಲಿ ಪಣವನ್ನು ಒಡ್ಡಿದವನು ದುರ್ಯೋಧನ, ದಾಳವನ್ನು ಎಸೆದವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಸರಿಯಲ್ಲವೆಂದು ಧರ್ಮರಾಜನೇ ಆಕ್ಷೇಪಿಸಿದನು, ಆಕ್ಷೇಪಿಸಿಯೂ ಆಡಿದನು. ದಾಳಗಳು ಶಕುನಿಯ ತಂದೆಯ ಎಲುಬಿನಿಂದ ಮಾಡಿದುವೆಂದು ಜನಪದರು ಹೇಳುವ ಮಾತು ವ್ಯಾಸರಲ್ಲಿಲ್ಲ. ಆದರೂ ಅದರ ತಾತ್ಪರ್ಯವು ದೊಡ್ಡದು. ದಾಳದ ಒಡಲಿನಲ್ಲಿ ಏನಿದೆಯೆಂಬುದನ್ನು ಎದುರಾಳಿಯು ನೋಡಲಾಗದಿದ್ದರೆ ಅಲ್ಲಿ ಇರುವುದು ಆಟವಲ್ಲ, ಆಟದ ವೇಷದ ಆಜ್ಞೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳಲ್ಲಿ ಎಲೆಯನ್ನು ಹಂಚುವುದೂ ದಾಳವನ್ನು ಉರುಳಿಸುವುದೂ ಮುಚ್ಚಿದ ತಂತ್ರಾಂಶವೇ. ಇಂತಹ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸು ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಮಾಡಿತು. ಇವುಗಳ ವಾದಗಳಲ್ಲಿ ಕೌಶಲವೋ ದೈವವೋ ಎಂಬ ಚರ್ಚೆಯೇ ಪ್ರಧಾನವಾಗಿತ್ತು. ದಾಳವನ್ನು ಒಡೆದು ನೋಡುವ ಹಕ್ಕು ಆಡುವವನಿಗೆ ಉಂಟೇ ಎಂಬ ಪ್ರಶ್ನೆಯು ಅದಕ್ಕಿಂತ ಮೊದಲಿನದೆಂದು ನಮಗೆ ತೋರುವುದು.

ಇಲ್ಲಿ ಪೂರ್ವಪಕ್ಷವೊಂದಿದೆ. ಆಟವೆಂಬುದು ಬರಿಯ ಯಂತ್ರವಿಧಿಯಲ್ಲ, ಅದೊಂದು ಕಾವ್ಯ. ಅದರಲ್ಲಿ ಕಥೆಯಿದೆ, ಚಿತ್ರವಿದೆ, ಸಂಗೀತವಿದೆ. ಕವಿಯ ಕೃತಿಯನ್ನು ಯಾರು ಬೇಕಾದರೂ ತಿದ್ದಬಹುದೆಂದರೆ ಕವಿಯು ಬದುಕುವುದೆಂತು, ಎಂದು. ಈ ಪಕ್ಷವನ್ನು ನಾವು ಹಗುರವಾಗಿ ತೆಗೆದುಹಾಕಲಾರೆವು. ಆದರೆ ಆಟದಲ್ಲಿ ಎರಡು ಭಾಗಗಳನ್ನು ಬೇರ್ಪಡಿಸಬಹುದು. ಕಾಯಿ ಹೇಗೆ ನಡೆಯಬೇಕು, ಪರದೆಯಲ್ಲಿ ಬೆಳಕು ಹೇಗೆ ಬೀಳಬೇಕು, ದೂರದ ಎದುರಾಳಿಗೆ ಸುದ್ದಿ ಹೇಗೆ ತಲುಪಬೇಕು ಎಂಬುವು ಒಂದು; ಕಥೆ, ಚಿತ್ರ, ರಾಗಗಳು ಇನ್ನೊಂದು. ಮೊದಲನೆಯದನ್ನು ಆಟದ ಇಂಜಿನ್ ಎಂದು ಕರೆಯುವರು. ಛಂದಸ್ಸಿಗೂ ಕಾವ್ಯಕ್ಕೂ ಇರುವ ಸಂಬಂಧವೇ ಇವೆರಡಕ್ಕೂ ಇರುವುದು. ಷಟ್ಪದಿಯು ಯಾರ ಸ್ವತ್ತೂ ಅಲ್ಲ. ಷಟ್ಪದಿಯಲ್ಲಿ ಬರೆದ ಕಾವ್ಯಕ್ಕೆ ಕವಿಯುಂಟು. ಸ್ಟಾಲ್‌ಮನ್ನರೂ ಆಟದ ಕಲಾಭಾಗವು ತಂತ್ರಾಂಶವಲ್ಲವಾದುದರಿಂದ ಅದರ ವಿಚಾರ ಬೇರೆಯೆಂದು ಒಪ್ಪಿರುವರು. ಈ ವಿಭಾಗವು ಕೇವಲ ತರ್ಕವಲ್ಲವೆಂಬುದಕ್ಕೆ ಡೂಮ್ ಎಂಬ ಆಟವೇ ಸಾಕ್ಷಿ. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಕಂಪೆನಿಯು 1993ರ ಆ ಆಟದ ಆಕರವನ್ನು 1997ರಲ್ಲಿ ಬಿಡುಗಡೆಮಾಡಿ, 1999ರಲ್ಲಿ ಗ್ನೂ ಪರವಾನಗಿಯ ಅಡಿಗೆ ತಂದಿತು. ಚಿತ್ರಗಳನ್ನೂ ಭೂಮಿಕೆಗಳನ್ನೂ ತನ್ನಲ್ಲಿಯೇ ಉಳಿಸಿಕೊಂಡಿತು. ಫ್ರೀಡೂಮ್ ಎಂಬ ಗುಂಪಿನವರು ಚಿತ್ರ ಸಂಗೀತಗಳನ್ನೂ ಹೊಸದಾಗಿ ರಚಿಸಿ ಆ ಛಂದಸ್ಸಿನಲ್ಲಿ ತಮ್ಮದೇ ಕಾವ್ಯವನ್ನು ಕಟ್ಟಿಕೊಂಡರು. ಅಂದಿನ ಯಂತ್ರಗಳೆಲ್ಲ ಮೂಲೆ ಸೇರಿದ ಮೇಲೂ ಆ ಆಟ ಇಂದಿಗೂ ಹೊಸ ಹೊಸ ಯಂತ್ರಗಳಲ್ಲಿ ನಡೆಯುತ್ತಿರುವುದು ಆಕರವು ತೆರೆದುದರಿಂದಲೇ.

ಹೀಗೆ ತೆರೆದ ಕಂಪೆನಿಗಳು ವಿರಳ. ಬಹುಕಾಲ ಗ್ನೂ-ಲಿನಕ್ಸಿನಲ್ಲಿ ದೊಡ್ಡ ಕಂಪೆನಿಗಳ ಆಟಗಳು ಇರಲೇ ಇಲ್ಲ. ವಿಂಡೋಸಿಗಾಗಿ ಬರೆದುದನ್ನು ಲಿನಕ್ಸಿನಲ್ಲಿ ನಡೆಯಿಸುವ ವೈನ್ ಎಂಬ ಸ್ವತಂತ್ರ ಸೇತುವೆಯ ಕೆಲಸವು 1993ರಲ್ಲಿ ಆರಂಭವಾಯಿತು. ಆಟಗಳನ್ನು ಲಿನಕ್ಸಿಗೆ ತರುವುದನ್ನೇ ಉದ್ಯೋಗವಾಗಿಟ್ಟುಕೊಂಡು 1998ರಲ್ಲಿ ಹುಟ್ಟಿದ ಲೋಕಿ ಎಂಬ ಕಂಪೆನಿಯು 2002ರ ಮೊದಲಲ್ಲೇ ಮುಚ್ಚಿಹೋಯಿತು. ಬಳಿಕ ವಾಲ್ವ್ ಎಂಬ ಕಂಪೆನಿಯು ತನ್ನ ಸ್ಟೀಮ್ ಎಂಬ ಆಟದ ಅಂಗಡಿಯನ್ನು 2013ರಲ್ಲಿ ಲಿನಕ್ಸಿಗೆ ತಂದು, 2018ರಲ್ಲಿ ವೈನಿನ ಆಧಾರದ ಮೇಲೆ ಪ್ರೋಟಾನ್ ಎಂಬುದನ್ನು ಹೊರಡಿಸಿ, 2022ರಲ್ಲಿ ಲಿನಕ್ಸಿನಿಂದ ನಡೆಯುವ ಸ್ಟೀಮ್ ಡೆಕ್ ಎಂಬ ಅಂಗೈಯಂತ್ರವನ್ನೇ ಮಾರಲು ತೊಡಗಿತು. ಸೇತುವೆ ತೆರೆದದ್ದು, ಅದರ ಮೇಲೆ ಸಾಗಿಬರುವ ಸರಕು ಮುಚ್ಚಿದ್ದು, ಅಂಗಡಿಯ ಬೀಗದ ಕೈ ಅಂಗಡಿಯವನಲ್ಲಿ.

ಇದರಿಂದ ಒಳ್ಳೆಯದಾಯಿತೇ? ಆಟಕ್ಕಾಗಿಯೇ ವಿಂಡೋಸನ್ನು ಬಿಡದಿದ್ದವರು ಈಗ ಸ್ವತಂತ್ರ ವ್ಯವಸ್ಥೆಗೆ ಬರುವರೆಂಬುದು ಒಂದು ಪಕ್ಷ. 2012ರಲ್ಲಿ, ಸ್ಟೀಮ್ ಬರುವ ಸುದ್ದಿ ಹುಟ್ಟಿದಾಗಲೇ, ಸ್ಟಾಲ್‌ಮನ್ನರು ಇದರಲ್ಲಿ ಗುಣವೂ ದೋಷವೂ ಉಂಟೆಂದು ಬರೆದರು. ಮುಚ್ಚಿದ ಆಟವನ್ನು ಆಡಲೇಬೇಕೆನ್ನುವವನು ವಿಂಡೋಸಿಗಿಂತ ಗ್ನೂ-ಲಿನಕ್ಸಿನಲ್ಲಿ ಆಡುವುದು ಅವನ ಮಟ್ಟಿಗೆ ಮೇಲು. ಆದರೆ ಸ್ವತಂತ್ರ ವ್ಯವಸ್ಥೆಯನ್ನು ಹಂಚುವವರೇ ಇಂತಹ ಆಟಗಳನ್ನು ಜನರ ಮುಂದಿಟ್ಟರೆ, ಬಂದವರಿಗೆ ಸ್ವಾತಂತ್ರ್ಯವು ಗುರಿಯೆಂಬುದೇ ತಿಳಿಯದೆ ಹೋಗುವುದೆಂದು ಅವರ ಮತ. ನಮಗೂ ಇದೇ ಸಮಂಜಸವೆಂದು ತೋರುವುದು. ಬಸದಿಯ ಮುಂದೆ ಜಾತ್ರೆ ನೆರೆದರೆ ಬಸದಿಗೂ ಜನ ಬರುವರೆಂಬುದು ನಿಜ. ಜಾತ್ರೆ ಮುಗಿದ ಮೇಲೆ ಎಷ್ಟು ಮಂದಿ ಒಳಗೆ ಹೋಗಿದ್ದರೆಂದು ಎಣಿಸಿದವರಿಗೆ ಮಾತ್ರ ಅದರ ಬೆಲೆ ತಿಳಿದೀತು.

ಮುಚ್ಚಿದ ಆಟದಲ್ಲಿ ಆಡುವವನ ಪಾರತಂತ್ರ್ಯವು ಊಹೆಯ ಮಾತಲ್ಲ. ಹಲವರು ಕೂಡಿ ಆಡುವ ಆಟಗಳಲ್ಲಿ ಮೋಸವನ್ನು ತಡೆಯುವುದಕ್ಕೆಂದು, ಆಡುವವನ ಯಂತ್ರದ ತಿರುಳಿನೊಳಗೆ ಹೊಕ್ಕು ಕಾಯುವ ಕಾವಲು ತಂತ್ರಾಂಶವನ್ನು ಕೆಲವು ಕಂಪೆನಿಗಳು ಹಾಕುವುವು. ತನ್ನ ಮನೆಯಲ್ಲಿ ಪರರ ತಳವಾರನನ್ನು ಇರಿಸಿಕೊಂಡಂತೆ ಇದು. ಇಂತಹ ಹೊಗಳಿಕೆಗೆ ಲಿನಕ್ಸು ಸುಲಭವಾಗಿ ಒಗ್ಗುವುದಿಲ್ಲ. ಒಳಗೆಲ್ಲ ಒಡೆಯನ ಕೈಯಲ್ಲಿರುವುದೇ ಅದರ ಸ್ವಭಾವ. ಏಪೆಕ್ಸ್ ಲೆಜೆಂಡ್ಸ್ ಎಂಬ ಆಟವು ಲಿನಕ್ಸಿನಲ್ಲಿಯೂ ನಡೆಯುತ್ತಿತ್ತು. 2024ರ ಅಕ್ಟೋಬರಿನ ಕೊನೆಗೆ, ಮೋಸಗಾರರ ಕಾಟವೆಂಬ ಕಾರಣ ಹೇಳಿ, ಅದರ ಒಡೆಯರು ಲಿನಕ್ಸಿನವರನ್ನೆಲ್ಲ ಹೊರಗಿಟ್ಟರು. ಅದೇ ವರ್ಷದ ಮಾರ್ಚ್ 31ರಂದು ಫ್ರಾನ್ಸಿನ ಯೂಬಿಸಾಫ್ಟ್ ಕಂಪೆನಿಯು 2014ರಲ್ಲಿ ಮಾರಿದ್ದ ದಿ ಕ್ರೂ ಎಂಬ ಆಟದ ಸರ್ವರುಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡಿದ್ದವರ ಪಾಲಿಗೆ ಆ ಆಟವು ಒಂಟಿಯಾಗಿ ಆಡುವುದಕ್ಕೂ ಬಾರದ ಹಾಗಾಯಿತು. ಇದರಿಂದ ಎದ್ದ ಚಳವಳಿಗೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸಹಿಗಳು 2025ರಲ್ಲಿ ಬಿದ್ದುವು. ಅಳಗುಳಿಮಣೆಯನ್ನು ಕೊರೆದುಕೊಟ್ಟ ಬಡಗಿಯು ಹತ್ತು ವರ್ಷದ ಮೇಲೆ ಮನೆಗೆ ಬಂದು ಗುಳಿಗಳನ್ನು ಮುಚ್ಚಿಹೋದನೆಂದರೆ ನಮ್ಮ ಅಜ್ಜಿಯರು ಏನೆನ್ನುತ್ತಿದ್ದರು!

ಇದಕ್ಕೆ ಪ್ರತಿಯಾಗಿ ತೆರೆದ ಆಟವು ಏನನ್ನು ಸಾಧಿಸೀತೆಂಬುದಕ್ಕೆ ಚದುರಂಗವೇ ಉತ್ತಮ ಸಾಕ್ಷಿ. ಮೊದಲಿನಿಂದ ಸ್ವತಂತ್ರವಾಗಿಯೇ ಹುಟ್ಟಿದ ಆಟಗಳು ಬೇರೆಯೂ ಇವೆ. 1987ರ ನೆಟ್‌ಹ್ಯಾಕ್, 1996ರ ಫ್ರೀಸಿವ್, 2003ರ ವೆಸ್‌ನಾತ್ ಇವು ಇಂದಿಗೂ ಆಡಲ್ಪಡುತ್ತಿರುವುವು. ಆದರೆ ಚದುರಂಗದ ಕಥೆಯು ವಿಶೇಷವಾದುದು. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಎಂಬವರ ಗ್ಲೌರಂಗ್ ಎಂಬ ತೆರೆದ ತಂತ್ರಾಂಶವನ್ನು ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಎಂಬವರು ತಿದ್ದಿ 2008ರಲ್ಲಿ ಸ್ಟಾಕ್‌ಫಿಶ್ ಎಂಬ ಹೆಸರಿನಿಂದ ಹೊರತಂದರು. ನೂರಾರು ಜನರ ತಿದ್ದುಪಡಿಗಳಿಂದ ಬೆಳೆದು ಅದು ಇಂದು ಯಾವ ಮಾನವನೂ ಗೆಲ್ಲಲಾರದ ಆಟಗಾರನಾಗಿದೆ. 2020ರಲ್ಲಿ ಅದರೊಳಕ್ಕೆ ಸ್ಥಾನಗಳ ಬಲಾಬಲವನ್ನು ತೂಗುವ ಹೊಸ ಉಪಾಯವೊಂದು ಸೇರಿತು. ಅದನ್ನು ಮೊದಲು ಕಂಡುಹಿಡಿದವರು ಜಪಾನಿನ ಯು ನಾಸು, ಜಪಾನೀಯರ ಚದುರಂಗವಾದ ಶೋಗಿಗಾಗಿ. ಭರತಖಂಡದಿಂದ ಹೊರಟ ಚತುರಂಗವು ಒಂದು ಕಡೆ ಪಾರಸಿಕರ ಮೂಲಕ ಯೂರೋಪಿಗೂ, ಇನ್ನೊಂದು ಕಡೆ ಪೂರ್ವದೇಶಗಳ ಮೂಲಕ ಜಪಾನಿಗೂ ಹೋಗಿ, ಸಾವಿರ ವರ್ಷಗಳ ಮೇಲೆ ಅಗಲಿದ ದಾಯಾದಿಗಳಂತೆ ಒಂದೇ ಗ್ರಂಥದಲ್ಲಿ ಸೇರಿದುವು. ಎರಡು ಕಡೆಯ ಆಕರವೂ ತೆರೆದಿರದಿದ್ದರೆ ಈ ಕೂಟವು ನಡೆಯುತ್ತಿರಲಿಲ್ಲ.

ಪಾಲನದ ವಿಧಿಯು ಕೆಲಸಕ್ಕೆ ಬಂದುದೂ ಇಲ್ಲಿಯೇ. ಜರ್ಮನಿಯ ಚೆಸ್‌ಬೇಸ್ ಎಂಬ ಕಂಪೆನಿಯು 2021ರಲ್ಲಿ ಫ್ಯಾಟ್ ಫ್ರಿಟ್ಸ್ 2 ಎಂಬ ಚದುರಂಗದ ತಂತ್ರಾಂಶವನ್ನು ಮಾರಿತು. ಅದು ಬಹುಮಟ್ಟಿಗೆ ಸ್ಟಾಕ್‌ಫಿಶ್ಶೇ ಎಂದೂ, ಪರವಾನಗಿಯ ಷರತ್ತುಗಳನ್ನು ಕಂಪೆನಿಯು ನಡೆಯಿಸಲಿಲ್ಲವೆಂದೂ ಸ್ಟಾಕ್‌ಫಿಶ್ಶಿನ ಕರ್ತೃಗಳು ಆ ವರ್ಷದ ಜುಲೈನಲ್ಲಿ ನ್ಯಾಯಾಲಯಕ್ಕೆ ಹೋದರು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಕಂಪೆನಿಯು ಆ ಸರಕಿನ ಮಾರಾಟವನ್ನು ನಿಲ್ಲಿಸಿ, ಒಂದು ವರ್ಷದ ಕಾಲ ಸ್ಟಾಕ್‌ಫಿಶ್ಶನ್ನು ತನ್ನ ಸರಕುಗಳಲ್ಲಿ ಬಳಸದಿರಲು ಒಪ್ಪಿತು. ಮಾರಿದುದು ತಪ್ಪಾಗಿರಲಿಲ್ಲ, ಆ ಪರವಾನಗಿಯಲ್ಲಿ ಮಾರಾಟಕ್ಕೆ ಅಡ್ಡಿಯಿಲ್ಲ. ಕೊಂಡವನಿಗೆ ಹಕ್ಕುಗಳನ್ನು ತಿಳಿಸಿ ದಾಟಿಸದುದೇ ದೋಷ. ದಾನಶಾಸನದ ಶಾಪವು ಪರಲೋಕದ ತನಕ ಕಾಯದೆ ಈ ಲೋಕದಲ್ಲಿಯೇ ತಟ್ಟಿತೆನ್ನಬಹುದು.

ಇನ್ನು ಕನ್ನಡದ ಮಾತು. ಆಟದ ಸ್ವಾತಂತ್ರ್ಯಕ್ಕೂ ಕನ್ನಡಕ್ಕೂ ಸಂಬಂಧವು ನೇರವಾದುದು. ತೆರೆದ ಆಟದಲ್ಲಿ ಪರದೆಯ ಮೇಲೆ ಬರುವ ಮಾತುಗಳೆಲ್ಲ ಒಂದು ಕಡತದಲ್ಲಿ ಪ್ರತ್ಯೇಕವಾಗಿರುವುವು. ಎದುರಿಗೆ ಕನ್ನಡದ ಮಾತನ್ನು ಬರೆದು ಕಳುಹಿಸಿದರೆ ಆಟವು ಕನ್ನಡವಾಗುವುದು. ಯಾರ ಅಪ್ಪಣೆಯೂ ಬೇಕಾಗಿಲ್ಲ. ಗ್ನೋಮ್, ಕೆಡಿಇ ಎಂಬ ಗ್ನೂ-ಲಿನಕ್ಸಿನ ಎರಡು ಮುಖ್ಯ ಹೊದಿಕೆಗಳಿಗೆ ಉತ್ಸಾಹಿಗಳು ಹೀಗೆಯೇ ಕನ್ನಡವನ್ನು ಉಡಿಸಿದರು. ಮುಚ್ಚಿದ ಆಟದಲ್ಲಿ ಕನ್ನಡಿಗರ ಸಂಖ್ಯೆಯಿಂದ ಲಾಭವೆಷ್ಟೆಂದು ಕಂಪೆನಿಯು ಲೆಕ್ಕ ಹಾಕುವ ತನಕ ಕಾಯಬೇಕು.

ಲಿಪಿಯ ತೊಡಕು ಇನ್ನೂ ಸೂಕ್ಷ್ಮವಾದುದು. ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಕೂಡಿಸಿ ತೋರಿಸುವ ಕೆಲಸವನ್ನು ಆಟದ ಇಂಜಿನ್ ತಾನೇ ಮಾಡಬೇಕು. ಮಾಡದಿದ್ದರೆ ‘ಶಾಸ್ತ್ರ’ವೆಂಬುದು ಪರದೆಯ ಮೇಲೆ ಒಡೆದ ಮಡಕೆಯ ಚೂರಾಗಿ ಬೀಳುವುದು. ಅರ್ಜೆಂಟೀನದಲ್ಲಿ ಹುಟ್ಟಿ 2014ರಲ್ಲಿ ಆಕರವನ್ನು ತೆರೆದ ಗೊಡೋ ಎಂಬ ಇಂಜಿನ್ನಿನಲ್ಲಿ ಈ ಸೌಕರ್ಯವು ಬಹುಕಾಲ ಇರಲಿಲ್ಲ. 2023ರ ಮಾರ್ಚಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ, ಬೇರೆ ಸ್ವತಂತ್ರ ತಂತ್ರಾಂಶಗಳಲ್ಲಿ ಆಗಲೇ ಸಿದ್ಧವಾಗಿದ್ದ ಅಕ್ಷರಯೋಜನೆಯ ಭಾಗವನ್ನು ತಂದು ಜೋಡಿಸಿದುದರಿಂದ, ಕನ್ನಡವೂ ಅರಬ್ಬಿಯೂ ಒಂದೇ ಸಲ ನೆಟ್ಟಗಾದುವು. ಒಬ್ಬರು ಮಾಡಿಟ್ಟ ಕೆಲಸ ಇನ್ನೊಬ್ಬರಿಗೆ ಒದಗಿದ ಬಗೆ ಇದು. ಅಳಗುಳಿಮಣೆಯನ್ನು ಶುದ್ಧಾಕ್ಷರಗಳೊಡನೆ ಪರದೆಗೆ ತರಲು ಈಗ ತಂತ್ರದ ಅಡ್ಡಿಯಿಲ್ಲ.

ಮಕ್ಕಳ ಶಾಲೆಯಲ್ಲಿ ಇದರ ಪ್ರಯೋಗವನ್ನು ನೋಡಬೇಕೆನ್ನುವವರು ಕಾಸರಗೋಡಿಗೆ ಹೋಗಬಹುದು. ಕೇರಳ ಸರ್ಕಾರವು ತನ್ನ ಶಾಲೆಗಳ ಗಣಕಶಿಕ್ಷಣವನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿರುವುದರಿಂದ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಗ್ನೂ-ಲಿನಕ್ಸಿನಲ್ಲಿಯೇ ಕಲಿಯುತ್ತಿರುವರು. ಅಲ್ಲಿ ಕೆಳಗಿನ ತರಗತಿಗಳ ಗಣಕಪಾಠದ ಪುಸ್ತಕಕ್ಕೆ ಮಲೆಯಾಳದಲ್ಲಿ ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ, ಎಂದು ಹೆಸರಿಟ್ಟಿರುವುದು ಅರ್ಥವತ್ತಾಗಿದೆ; ಎಳೆಯ ಮಕ್ಕಳಿಗೆ ಯಂತ್ರದ ಪರಿಚಯವು ಆಟದಿಂದಲೇ ಆಗಬೇಕೆಂಬುದನ್ನು ಆ ನಾಡಿನವರು ಅರಿತಿರುವರು. ನಮ್ಮ ಹಾಸನದ ಸೀಮೆಯ ಶಾಲೆಗಳಲ್ಲಿಯೂ ಇದನ್ನು ಮಾಡಲು ಹಣದ ಅಡಚಣೆಯನ್ನು ಹೇಳುವಂತಿಲ್ಲ. ವ್ಯವಸ್ಥೆಗೂ ಆಟಗಳಿಗೂ ಬೆಲೆಯಿಲ್ಲ, ಹಳೆಯ ಯಂತ್ರಗಳಲ್ಲಿಯೂ ನಡೆಯುವುವು.

ಅಡಚಣೆಯಿರುವುದು ಶಬ್ದಗಳಲ್ಲಿ. ಅದು ಪಂಡಿತರ ಪಾಲಿನ ಕೆಲಸವಾದುದರಿಂದ ಒಂದು ಮಾತನ್ನು ಸೇರಿಸುವೆವು. ಚದುರಂಗದ ಮೂಲೆಯ ಕಾಯಿಯನ್ನು ಆಂಗ್ಲರು ಕೋಟೆಯೆಂದು ಭಾವಿಸುವರು. ನಮ್ಮಲ್ಲಿ ಅದು ಆನೆ. ಅವರ ಧರ್ಮಾಧಿಕಾರಿಯು ನಮಗೆ ಒಂಟೆ, ಅವರ ರಾಣಿಯು ನಮಗೆ ಮಂತ್ರಿ. ಆಂಗ್ಲ ಕಡತವನ್ನು ಮುಂದಿಟ್ಟುಕೊಂಡು ಶಬ್ದಕ್ಕೆ ಶಬ್ದವನ್ನು ಬರೆದರೆ ಮಂತ್ರಿಯ ಸ್ಥಾನದಲ್ಲಿ ರಾಣಿಯು ಬಂದು ಕೂರುವಳು; ಮಣೆಯ ಮೇಲೆ ಆಡಿ ಬಲ್ಲ ಅಜ್ಜನೂ ಪರದೆಯ ಮೇಲೆ ಕಲಿತ ಮೊಮ್ಮಗನೂ ಒಂದೇ ಆಟವನ್ನು ಎರಡು ಭಾಷೆಗಳಲ್ಲಿ ಆಡುವಂತಾಗುವುದು. ಅಳಗುಳಿಮಣೆ, ಚೌಕಾಬಾರ, ಹುಲಿ-ಕುರಿಗಳಲ್ಲಿ ಊರೂರಿಗೆ ಬೇರೆಯಾಗುವ ಹೆಸರುಗಳನ್ನೂ ನಿಯಮಗಳನ್ನೂ ಆಡುವವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಈ ಆಟಗಳನ್ನು ಆಡಿದ ಮುದುಕಿಯರು ಇನ್ನೂ ಇರುವರು. ಅವರಲ್ಲಿ ಕೇಳಿ ಬರೆದ ಪಟ್ಟಿಯನ್ನು ಗ್ನೂ ಪರವಾನಗಿಗೆ ಹೊಂದುವಂತೆ ಎಲ್ಲರ ಬಳಕೆಗೆ ಬಿಟ್ಟರೆ, ಯಾವ ಊರಿನ ಯಾವ ಹುಡುಗನಾದರೂ ಅದನ್ನು ತೆಗೆದುಕೊಂಡು ತನ್ನ ಅಜ್ಜಿಯ ಊರಿನ ನಿಯಮದಂತೆಯೇ ನಡೆಯುವ ಆಟವನ್ನು ಕಟ್ಟಬಹುದು.